ಓದಬೇಕಾದ ಅಕ್ಷರವನ್ನು ತಾಯತದೊಳಗೆ ಮುಚ್ಚಿದವರಾರು?

ಇಷ್ಟಲಿಂಗ ಧರಿಸಿದ ಎದೆಯ ಮೇಲೆ ತಾಯತಕ್ಕೆ ಏನು ಕೆಲಸ? ಶರಣ ಬಂಧುಗಳು ಈ ಪ್ರಶ್ನೆಯನ್ನು ಊರವರಿಗೆ ಕೇಳುವ ಮೊದಲು ತಮ್ಮ ತಮ್ಮ ಮನೆಯಲ್ಲಿ ಕೇಳಿಕೊಳ್ಳಬೇಕು. ಬಾಳೂರು, ಜಾವಳಿ, ಕೊಟ್ಟಿಗೆಹಾರ, ಕಳಸ ಎಂದು ಈ ಕಾಫಿ ಸೀಮೆಯಲ್ಲಿ ಎಲ್ಲಿ ಹೋದರೂ ನಮ್ಮವರ ಎಷ್ಟೋ ಮನೆಗಳಲ್ಲಿ ಒಂದೇ ನೋಟ. ದೇವರ ಕೋಣೆಯಲ್ಲಿ ಬಸವಣ್ಣನವರ ಭಾವಚಿತ್ರ. ಬಾಗಿಲ ದಾರಂದಕ್ಕೆ ಮೊಳೆ ಹೊಡೆದ ತಾಮ್ರದ ತಗಡು. ಕೊರಳಲ್ಲಿ ಶಿವದಾರ, ತೋಳಲ್ಲಿ ಕರಿದಾರ. ತೋಟದ ಗೇಟಿಗೆ ಬೂದುಗುಂಬಳ, ಜೀಪಿನ ಮುಂದೆ ನಿಂಬೆಹಣ್ಣು, ಕೊಟ್ಟಿಗೆಯ ಗೋಡೆಗೆ ಸುಣ್ಣದಲ್ಲಿ ಎಳೆದ ಅಡ್ಡಗೆರೆ, ಉದ್ದಗೆರೆ. ಲಿಂಗವನ್ನು ನಂಬಿದವರು ಲಿಂಗದ ಕಾವಲಿಗೆ ತಗಡನ್ನು ಇಟ್ಟಂತಿದೆ.

ಆ ತಗಡಿನಲ್ಲಿ ಏನಿದೆ ಎಂದು ಯಾರಾದರೂ ಓದಿದ್ದಾರೆಯೇ? ಚೌಕದೊಳಗೆ ಚೌಕ, ಗೆರೆಯ ಮೇಲೆ ಗೆರೆ, ನಡುನಡುವೆ ಹ್ರೀಂ, ಕ್ಲೀಂ ಎಂಬ ಬೀಜಾಕ್ಷರ, ಮೂಲೆಗಳಲ್ಲಿ ಅಂಕಿಗಳು. ಕೆಲವು ತಗಡುಗಳಲ್ಲಿರುವ ಲಿಪಿ ಕೊಟ್ಟವನಿಗೂ ಗೊತ್ತಿಲ್ಲ, ಕೊಂಡವನಿಗೂ ಗೊತ್ತಿಲ್ಲ. ಗೊತ್ತಿಲ್ಲದಷ್ಟೂ ಅದರ ಬೆಲೆ ಹೆಚ್ಚು. ಕನ್ನಡದಲ್ಲಿ ‘ಈ ಮನೆಗೆ ಒಳ್ಳೆಯದಾಗಲಿ’ ಎಂದು ಬರೆದುಕೊಟ್ಟರೆ ಹತ್ತು ರೂಪಾಯಿಯೂ ಹುಟ್ಟುವುದಿಲ್ಲ. ಅದನ್ನೇ ಯಾರಿಗೂ ತಿಳಿಯದ ಅಕ್ಷರದಲ್ಲಿ ಗೀಚಿ, ಅರಿಸಿನದ ಬಟ್ಟೆಯಲ್ಲಿ ಸುತ್ತಿ, ‘ಬಿಚ್ಚಿ ನೋಡಬೇಡಿ’ ಎಂದರೆ ಸಾವಿರಗಟ್ಟಲೆ ಎಣಿಸುತ್ತೇವೆ. ವ್ಯಾಪಾರದ ಗುಟ್ಟು ಇರುವುದು ‘ಬಿಚ್ಚಿ ನೋಡಬೇಡಿ’ ಎಂಬ ಮಾತಿನಲ್ಲಿ. ಅಕ್ಷರ ಇರುವುದು ಓದಲಿಕ್ಕೆ. ಓದಬೇಡ ಎಂದು ಹೇಳಿ ಅಕ್ಷರ ಮಾರುವವನು ನಮ್ಮ ಅಜ್ಞಾನವನ್ನು ನಮಗೇ ಮಾರುತ್ತಿದ್ದಾನೆ. ಈ ಲೇಖನ ಹೇಳಹೊರಟಿರುವುದು ಇಷ್ಟೇ.

ಅಡ್ಡಗೆರೆ, ಉದ್ದಗೆರೆ

ಮೊದಲು ಆ ಗೆರೆಗಳ ಮಾತನ್ನೇ ತೆಗೆದುಕೊಳ್ಳೋಣ. ಒಂದು ನಿಂತ ಗೆರೆ, ಅದರ ನಡುವೆ ಹಾದುಹೋಗುವ ಒಂದು ಮಲಗಿದ ಗೆರೆ. ಲೆಕ್ಕದಲ್ಲಿ ಕೂಡುವ ಚಿಹ್ನೆ. ಇದೇ ಗುರುತು ತೋಟದ ಯಾವುದಾದರೂ ಹಳೆಯ ಕಲ್ಲಿನ ಮೇಲೆ ಕಂಡರೆ ಊರಿನಲ್ಲಿ ಮೂರು ಬಗೆಯ ಮಾತು ಏಳುತ್ತದೆ. ಒಬ್ಬರು ಅದು ಮಾಟದ ಗುರುತು, ದಾಟಬೇಡಿ ಎನ್ನುತ್ತಾರೆ. ಇನ್ನೊಬ್ಬರು ನಿಧಿಯ ಗುರುತು, ಅಗೆಯೋಣ ಎನ್ನುತ್ತಾರೆ. ಮತ್ತೊಬ್ಬರು ಶಿಲುಬೆ, ಮತಾಂತರದವರು ಗುಟ್ಟಾಗಿ ನೆಟ್ಟದ್ದು ಎಂದು ಮೊಬೈಲಿನಲ್ಲಿ ಚಿತ್ರ ಹರಿಬಿಡುತ್ತಾರೆ. ಇದು ಒಂದು ಅಕ್ಷರವಿರಬಹುದೇ, ಒಂದು ಸಾಮಾನ್ಯ ಗುರುತಿರಬಹುದೇ ಎಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳುವವರು ಮಾತ್ರ ಕಾಣುವುದಿಲ್ಲ.

ನಾವು ಬರೆಯುವ ಕನ್ನಡ ಲಿಪಿಯ ತಾಯಿ ಬ್ರಾಹ್ಮಿ ಲಿಪಿ. ಅಶೋಕನ ಕಾಲದ, ಎಂದರೆ ಕ್ರಿಸ್ತಪೂರ್ವ ಮೂರನೆಯ ಶತಮಾನದ ಬ್ರಾಹ್ಮಿಯಲ್ಲಿ ಈ ಕೂಡುವ ಚಿಹ್ನೆ ಒಂದು ಅಕ್ಷರ. ಯಾವ ಅಕ್ಷರ ಗೊತ್ತೇ? ‘ಕ’. ಕನ್ನಡ ಎಂಬ ಹೆಸರಿನ ಮೊದಲ ಅಕ್ಷರ, ವ್ಯಂಜನಗಳಲ್ಲಿ ಮೊದಲನೆಯದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಈ ‘ಕ’ ಇಂದಿಗೂ ನಿಂತಿದೆ. ಅದೇ ಗುರುತು ಶತಮಾನದಿಂದ ಶತಮಾನಕ್ಕೆ ಬಾಗುತ್ತ, ಬಳುಕುತ್ತ, ತಲೆಕಟ್ಟು ಪಡೆದು ಇಂದಿನ ‘ಕ’ ಆಯಿತು. ಈಗಲೂ ‘ಕ’ ಬರೆದು ನೋಡಿ. ನಡುವೆ ಹಾದುಹೋಗುವ ಆ ಅಡ್ಡಗೆರೆ ಅಲ್ಲಿಯೇ ಇದೆ. ಮಗುವಿನ ಸ್ಲೇಟಿನ ಮೇಲೆ ದಿನವೂ ಬೀಳುವ ಗೆರೆಗೆ ಬಾಗಿಲ ಮೇಲೆ ಕಂಡಾಗ ಬೆಚ್ಚಿಬೀಳುತ್ತೇವೆ ಎಂದರೆ ಏನೆನ್ನಬೇಕು?

ಕಾಫಿ ತೋಟದ ಕಲ್ಲಿನ ಮೇಲಿರುವ ಗೆರೆಗಳೆಲ್ಲ ಅಶೋಕನ ಅಕ್ಷರಗಳು ಎಂದು ನಾನು ಹೇಳುತ್ತಿಲ್ಲ. ಸರ್ವೆಯವರು ಬಾಂದುಕಲ್ಲಿಗೆ ಕೊರೆದ ಗುರುತೂ ಇರಬಹುದು. ಕಲ್ಲು ಒಡೆಯುವವರು ಉಳಿಯಿಂದ ಹಾಕಿದ ಗೀರೂ ಇರಬಹುದು. ಹಳೆಯ ತೋಟಗಳಲ್ಲಿ ದುಡಿದು ಮಣ್ಣಾದ ಕ್ರೈಸ್ತ ಕಾರ್ಮಿಕರ ಸಮಾಧಿಯ ಶಿಲುಬೆಯೂ ಇರಬಹುದು. ಶಿಲುಬೆಯೇ ಆಗಿದ್ದರೂ ಹೆದರುವುದಕ್ಕೆ ಅದರಲ್ಲಿ ಏನಿದೆ? ಅಧಿಕಾರದಲ್ಲಿದ್ದವರು ಏಸುವನ್ನು ಮರಕ್ಕೆ ಜಡಿದು ಕೊಂದರು. ಆ ಸಾವನ್ನು ಮರೆಯದಿರಲೆಂದು ಅವರ ಭಕ್ತರು ಇಟ್ಟುಕೊಂಡ ನೆನಪು ಅದು. ಕಲ್ಯಾಣದಲ್ಲಿ ಹರಳಯ್ಯ, ಮಧುವಯ್ಯನವರಿಗೆ ಎಳೆಹೂಟೆಯ ಶಿಕ್ಷೆಯಾದ ಕಥೆಯನ್ನು ಎದೆಯಲ್ಲಿ ಇಟ್ಟುಕೊಂಡಿರುವ ನಮಗೆ ಇದು ಅರ್ಥವಾಗದ ಮಾತೇನಲ್ಲ. ನಮ್ಮ ಲೈನ್ ಮನೆಯಲ್ಲಿದ್ದು ನಮ್ಮ ಕಾಫಿ ಹಣ್ಣು ಕುಯ್ಯುವ ಹೆಣ್ಣುಮಗಳ ಕೊರಳಿನ ಶಿಲುಬೆಯನ್ನು ಮಾಟದ ಗುರುತೆಂದು ಆಡಿಕೊಳ್ಳುವವನು, ನಾಳೆ ಬೇರೆಯವರು ನಮ್ಮ ಕರಡಿಗೆಯನ್ನು ಹಾಗೆಯೇ ಆಡಿಕೊಂಡರೆ ಯಾವ ಬಾಯಲ್ಲಿ ಉತ್ತರ ಕೊಡುತ್ತಾನೆ?

ಒಂದು ಶಿಲುಬೆ, ಒಂದು ಸುಳ್ಳು ಓದು

ಶಿಲುಬೆ ಮತ್ತು ಹಳೆಯ ಅಕ್ಷರ ಎರಡೂ ಒಟ್ಟಿಗೆ ಸೇರಿದಾಗ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಭಾರತದಲ್ಲೇ ಒಂದು ನಿದರ್ಶನವಿದೆ. ಅದರಲ್ಲಿ ನಮ್ಮ ನಾಡಿಗೂ ಪಾಲಿದೆ. 1547ರಲ್ಲಿ ಚೆನ್ನೈ ಬಳಿಯ ಸಂತ ಥಾಮಸ್ ಬೆಟ್ಟದಲ್ಲಿ ಪೋರ್ಚುಗೀಸರು ಇಗರ್ಜಿಗೆ ಪಾಯ ತೋಡುವಾಗ ಶಿಲುಬೆ ಕೆತ್ತಿದ ಒಂದು ಹಳೆಯ ಕಲ್ಲು ಸಿಕ್ಕಿತು. ಶಿಲುಬೆಯ ಸುತ್ತ ಯಾರಿಗೂ ಓದಲು ಬಾರದ ಅಕ್ಷರಗಳು. ಪೋರ್ಚುಗೀಸರ ಬರಹಗಳು ಹೇಳುವಂತೆ, ಅವರು ‘ನರಸಿಂಗ ರಾಜ್ಯ’ದಿಂದ, ಎಂದರೆ ವಿಜಯನಗರದಿಂದ, ಒಬ್ಬ ಪಂಡಿತನನ್ನು ಕರೆಸಿದರು. ಆತ ಕಲ್ಲನ್ನು ನೋಡಿ, ಇವು ಸಾಮಾನ್ಯ ಅಕ್ಷರಗಳಲ್ಲ, ಒಂದೊಂದು ಅಕ್ಷರದೊಳಗೂ ಹತ್ತಾರು ಮಾತುಗಳು ಅಡಗಿವೆ ಎಂದನು. ಬೆರಳೆಣಿಕೆಯ ಅಕ್ಷರಗಳಿಂದ ಸಂತ ಥಾಮಸರ ಬದುಕು, ಪವಾಡ, ಮರಣಗಳ ಉದ್ದನೆಯ ಕಥೆಯನ್ನೇ ಹೊರಡಿಸಿದನು. ಕರೆಸಿದವರಿಗೆ ಯಾವ ಕಥೆ ಬೇಕಾಗಿತ್ತೋ ಅದೇ ಕಥೆ ಹೊರಬಂತು. ಆ ಕಲ್ಲು ಬೆವರುತ್ತದೆ ಎಂಬ ಪ್ರತೀತಿಯೂ ಹುಟ್ಟಿಕೊಂಡಿತು.

ಮುನ್ನೂರು ವರ್ಷ ಆ ಓದೇ ನಡೆಯಿತು. 1873ರಲ್ಲಿ ಎ.ಸಿ. ಬರ್ನೆಲ್ ಎಂಬ ವಿದ್ವಾಂಸರು ದಕ್ಷಿಣ ಭಾರತದ ಇಂಥ ಬರಹಗಳ ಬಗ್ಗೆ ಒಂದು ಸಣ್ಣ ಪುಸ್ತಕ ಪ್ರಕಟಿಸಿದರು. ಅದು ಅಚ್ಚಾದದ್ದು ಚಾರ್ಮಾಡಿ ಘಾಟಿ ಇಳಿದರೆ ಸಿಗುವ ನಮ್ಮ ಮಂಗಳೂರಿನಲ್ಲಿ. ಆ ಅಕ್ಷರಗಳು ಗೂಢಲಿಪಿಯೇನೂ ಆಗಿರಲಿಲ್ಲ. ಹಳೆಯ ಪರ್ಷಿಯಾದ ಪಹ್ಲವಿ ಲಿಪಿ. ಅಲ್ಲಿ ಇದ್ದದ್ದು ಒಂದೆರಡು ವಾಕ್ಯದ ಬರಹ ಅಷ್ಟೇ. ಅದರ ಪದಗಳ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಚರ್ಚೆಯಿದೆ. ಈಚಿನವರು ಅದನ್ನು, ಶಿಲುಬೆ ಮಾಡಿಸಿದವನ ಮೇಲೆ ದೇವರ ಕರುಣೆ ಇರಲಿ ಎಂಬ ಪ್ರಾರ್ಥನೆಯೆಂದು ಓದುತ್ತಾರೆ. ಒಂದಕ್ಷರದೊಳಗೆ ಹತ್ತಾರು ಮಾತು ಎಂಬುದು ಎಲ್ಲಿಯೂ ಇಲ್ಲ, ಥಾಮಸರ ಕಥೆಯೂ ಇಲ್ಲ.

ಈ ಪ್ರಸಂಗದಲ್ಲಿ ಕ್ರೈಸ್ತರನ್ನು ನೋಡಿ ನಗುವ ಅಧಿಕಾರ ನಮಗಿಲ್ಲ. ಸುಳ್ಳು ಓದಿದವನು ನಮ್ಮ ಕಡೆಯ ಪಂಡಿತ. ನಿಜ ಓದುವ ದಾರಿ ತೆರೆದದ್ದು ನಮ್ಮ ಕಡೆಯ ಅಚ್ಚುಕೂಟದಿಂದ ಹೊರಟ ಪುಸ್ತಕ. ಓದಲು ಬಾರದ ಅಕ್ಷರವನ್ನು ಮುಂದಿಟ್ಟುಕೊಂಡು ಕುಳಿತವನು ಏನು ಬೇಕಾದರೂ ಹೇಳಬಹುದು, ಏಕೆಂದರೆ ಅಲ್ಲ ಎನ್ನುವವರು ಯಾರೂ ಇರುವುದಿಲ್ಲ. ನಮ್ಮ ಬಾಗಿಲ ತಗಡಿನ ಕಥೆಯೂ ಇದೇ.

ಯುರೋಪಿನಲ್ಲಿ ಇದಕ್ಕಿಂತ ಘೋರವಾದದ್ದು ನಡೆದಿದೆ. ಜರ್ಮನ್ ಮೂಲದ ಜನರ ಹಳೆಯ ಲಿಪಿಗೆ ರೂನ್ ಎಂದು ಹೆಸರು. ಆ ಲಿಪಿಯ ಅತಿ ಹಳೆಯ ಬರಹಗಳಲ್ಲಿ ಒಂದು ಡೆನ್ಮಾರ್ಕಿನ ಜವುಗಿನಲ್ಲಿ ಸಿಕ್ಕ ಬಾಚಣಿಗೆಯ ಮೇಲಿದೆ. ಅಲ್ಲಿರುವುದು ಒಂದೇ ಒಂದು ಪದ, ಬಹುಶಃ ಒಡೆಯನ ಹೆಸರು. ಮಂತ್ರವಿಲ್ಲ, ಮಾಟವಿಲ್ಲ. 1908ರಲ್ಲಿ ಆಸ್ಟ್ರಿಯಾದ ಗೀಡೋ ಫಾನ್ ಲಿಸ್ಟ್ ಎಂಬಾತ ಈ ಅಕ್ಷರಗಳಲ್ಲಿ ತನ್ನ ಜನಾಂಗದ ದೈವೀ ರಹಸ್ಯ ಅಡಗಿದೆ ಎಂದು ಪುಸ್ತಕ ಬರೆದನು. ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಪಟ್ಟಿ ಕಟ್ಟಿಕೊಂಡಿದ್ದಾಗ ಆ ರಹಸ್ಯ ತನಗೆ ಹೊಳೆಯಿತು ಎಂದು ಹೇಳಿಕೊಂಡನು. ಮುಂದೆ ಹಿಟ್ಲರನ ಎಸ್ಎಸ್ ಪಡೆ ತನ್ನ ಕೊರಳಪಟ್ಟಿಯ ಮೇಲೆ ಇಂಥ ಎರಡು ರೂನ್ ಅಕ್ಷರಗಳನ್ನು ಹೊತ್ತು ಲಕ್ಷ ಲಕ್ಷ ಯಹೂದಿಗಳನ್ನು ಕೊಂದಿತು. ನಾವು ಹೊಸ್ತಿಲಲ್ಲಿ ರಂಗೋಲಿಯಾಗಿ ಬರೆಯುವ ಸ್ವಸ್ತಿಕವೂ ಅವರ ಬಾವುಟದ ಮೇಲೆ ಕೊಲೆಯ ಗುರುತಾಯಿತು. ಬಾಚಣಿಗೆಯ ಮೇಲೆ ಹೆಸರು ಬರೆಯಲು ಬಳಸಿದ ಲಿಪಿಯಿಂದ ಅಲ್ಲಿಯವರೆಗೆ! ಬಾಚಣಿಗೆಯನ್ನೂ ದೈವವೆಂದು ಕೈಮುಗಿಯುವವರನ್ನು ಬಸವಣ್ಣನವರು ಎಂಟು ನೂರು ವರ್ಷಗಳ ಹಿಂದೆಯೇ ಎಚ್ಚರಿಸಿದ್ದರು. ಅದನ್ನು ನಾವು ಬರೀ ತಮಾಷೆ ಎಂದುಕೊಂಡೆವು.

ನಮ್ಮ ತೋಟದ ಕಲ್ಲುಗಳು

ಈಗ ನಮ್ಮ ಮಣ್ಣಿಗೆ ಬರೋಣ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮವೇ ಹಿಂದಿನ ಸೊಸೆವೂರು, ಹೊಯ್ಸಳರ ಮೂಲಸ್ಥಾನ. ಅಲ್ಲಿ ವಸಂತಿಕಾ ದೇವಿಯ ಗುಡಿ ಇದೆ, ಹಳೆಯ ಜೈನ ಬಸದಿಗಳಿವೆ, ಶಾಸನಗಳಿವೆ. ನೆರೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ ಐದನೆಯ ಶತಮಾನದ ಶಾಸನವನ್ನು 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಪ್ರಕಟಿಸಿದರು. ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲಿ ಅದು ಒಂದು. ಆ ಕಲ್ಲಿನ ತಲೆಯ ಮೇಲೆ ಚಕ್ರದ ಕೆತ್ತನೆ ಇದೆ. ಓದು ಬಾರದವನ ಕೈಗೆ ಅದು ಸಿಕ್ಕಿದ್ದರೆ ಚಕ್ರವನ್ನು ನೋಡಿ ನಿಧಿಯ ನಕ್ಷೆ ಎಂದು ಬುಡ ಅಗೆಯುತ್ತಿದ್ದನು. ಓದಬಲ್ಲವರ ಕಣ್ಣಿಗೆ ಬಿದ್ದದ್ದರಿಂದ ಕನ್ನಡದ ವಯಸ್ಸು ತಿಳಿಯಿತು.

ಕಡೂರು ಜಿಲ್ಲೆ ಎಂದರೆ ಆಗಿನ ನಮ್ಮ ಚಿಕ್ಕಮಗಳೂರು ಜಿಲ್ಲೆ. ಬಿ.ಎಲ್. ರೈಸ್ ಅವರು ಈ ಜಿಲ್ಲೆಯ ಶಾಸನಗಳನ್ನು ಹಳ್ಳಿ ಹಳ್ಳಿಯಿಂದ ಸಂಗ್ರಹಿಸಿ ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟವಾಗಿ 1901ರಲ್ಲಿ ಹೊರತಂದರು. ಅದರಲ್ಲಿ ಮೂಡಿಗೆರೆ ತಾಲ್ಲೂಕಿಗೆ ಬೇರೆಯೇ ಭಾಗವಿದೆ. ಮೈಸೂರು ವಿಶ್ವವಿದ್ಯಾನಿಲಯದವರು ಆಮೇಲೆ ಪರಿಷ್ಕೃತ ಸಂಪುಟಗಳನ್ನೂ ತಂದಿದ್ದಾರೆ. ಒಬ್ಬ ಅನ್ಯಧರ್ಮೀಯರು ನಮ್ಮ ಕಲ್ಲುಗಳನ್ನು ಓದಿ ಅಚ್ಚು ಹಾಕಿಸಿ ನೂರಿಪ್ಪತ್ತು ವರ್ಷ ದಾಟಿತು. ನಮ್ಮಲ್ಲಿ ಎಷ್ಟು ಮಠಗಳ ಕಪಾಟಿನಲ್ಲಿ ಆ ಪುಸ್ತಕವಿದೆ?

ಓದಿದರೆ ಏನು ಸಿಗುತ್ತದೆ ಎಂದು ಕೇಳಬಹುದು. ನಿಧಿ ಸಿಗುವುದಿಲ್ಲ. ಶಾಸನದ ತಲೆಯ ಮೇಲೆ ಸೂರ್ಯ, ಚಂದ್ರ ಇದ್ದರೆ, ಅವರು ಇರುವವರೆಗೂ ಈ ದಾನ ನಡೆಯಲಿ ಎಂದು ಅರ್ಥ. ಸೂರ್ಯ ಮುಳುಗುವ ದಿಕ್ಕಿನಲ್ಲಿ ಅಗೆ ಎಂದಲ್ಲ. ಹಸು ಕರು ಇದ್ದರೆ, ದಾನವನ್ನು ಕೆಡಿಸಿದವನಿಗೆ ಗೋಹತ್ಯೆಯ ಪಾಪ ಬರುತ್ತದೆ ಎಂಬ ಎಚ್ಚರಿಕೆ. ಕೆಳಗೆ ಚಿನ್ನದ ಹಸು ಇದೆ ಎಂದಲ್ಲ. ಹೊಲದ ಅಂಚಿನಲ್ಲಿ ಲಿಂಗ ಕೆತ್ತಿದ ಒಂಟಿ ಕಲ್ಲು ಸಿಕ್ಕಿದರೆ ಅದು ಲಿಂಗಮುದ್ರೆಯ ಕಲ್ಲು. ಇಲ್ಲಿಂದ ಮುಂದಿನ ಭೂಮಿ ಶಿವಾಲಯಕ್ಕೋ ಮಠಕ್ಕೋ ಬಿಟ್ಟದ್ದು ಎಂದು ಹೇಳುವ ಗಡಿಗಲ್ಲು. ಜೈನರ ಭೂಮಿಗೆ ಮುಕ್ಕೊಡೆಯ ಕಲ್ಲು, ವೈಷ್ಣವರ ಭೂಮಿಗೆ ವಾಮನಮುದ್ರೆಯ ಕಲ್ಲು. ಮೂರು ಹಂತದ ವೀರಗಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ಊರಿನ ತುರು ಕಾಯಲು, ಹೆಣ್ಣುಮಕ್ಕಳ ಮಾನ ಕಾಯಲು ಹೋರಾಡಿ ಸತ್ತವರ ನೆನಪಿಗೆ ನಿಂತ ಕಲ್ಲುಗಳವು. ಅದನ್ನು ನಾವು ಭೂತವೆಂದು ಕರೆದು ಕೋಳಿ ಕುಯ್ದೆವು, ಎಣ್ಣೆ ಸುರಿದು ಅಕ್ಷರ ಮುಚ್ಚಿದೆವು, ಇಲ್ಲವೇ ಅಮಾವಾಸ್ಯೆಯ ರಾತ್ರಿ ಬುಡ ಕಿತ್ತೆವು. ಮಲೆನಾಡಿನ ಗುಡಿಗಳಲ್ಲಿ, ಕಾಡಿನ ಕೋಟೆಗಳಲ್ಲಿ ನಿಧಿಗಳ್ಳರು ತೋಡಿದ ಹೊಂಡಗಳು, ಒಡೆದ ನಂದಿಗಳು ಯಾರ ಕಣ್ಣಿಗೆ ಬಿದ್ದಿಲ್ಲ? ಆ ಹೊಂಡದ ಪಕ್ಕದಲ್ಲಿ ಕುಂಕುಮ, ನಿಂಬೆಹಣ್ಣು, ತಗಡು ಬಿದ್ದಿರುತ್ತವೆ. ಓದಲು ಕಲಿತಿದ್ದರೆ ತಲೆಬಾಗುತ್ತಿದ್ದ ಕಲ್ಲಿಗೆ ಓದದ ಕಾರಣಕ್ಕೆ ಹಾರೆ ಹಾಕಿದೆವು.

ಶರಣರು ಮಾಡಿದ್ದೇನು?

ಹನ್ನೆರಡನೆಯ ಶತಮಾನದಲ್ಲಿ ಈ ನಾಡಿನಲ್ಲಿ ದೇವರ ಮಾತು ಯಾರ ಬಳಿ ಇತ್ತು? ಸಂಸ್ಕೃತ ಬಲ್ಲ ಕೆಲವರ ಬಳಿ. ಮಂತ್ರ ಕಿವಿಯಿಂದ ಕಿವಿಗೆ, ಅದೂ ಹುಟ್ಟು ನೋಡಿ. ಬಸವಾದಿ ಶರಣರು ಅದನ್ನು ಕಿತ್ತು ಬೀದಿಗೆ ತಂದರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಅಕ್ಕಿ ಆಯುವ ಲಕ್ಕಮ್ಮ, ಸತ್ಯಕ್ಕ, ಅಕ್ಕಮಹಾದೇವಿ ಇವರೆಲ್ಲರೂ ತಮ್ಮ ಅನುಭಾವವನ್ನು ಮನೆಮಾತಿನ ಕನ್ನಡದಲ್ಲಿ ಹೇಳಿದರು. ಕೇಳಿದವರಿಗೆ ಅರ್ಥವಾಗಬೇಕು, ಅರ್ಥವಾಗದಿದ್ದರೆ ಪ್ರಶ್ನಿಸಬೇಕು. ಅನುಭವ ಮಂಟಪ ನಿಂತದ್ದು ಈ ನೆಲೆಯ ಮೇಲೆ. ನಮ್ಮ ಶರಣರು ಒಳ್ಳೆಯ ಗಳಿಗೆ, ಕೆಟ್ಟ ಗಳಿಗೆಯನ್ನೂ ತಳ್ಳಿಹಾಕಿದರು. ಸಜ್ಜನರು ಕೂಡಿ ಒಪ್ಪಿದ ಹೊತ್ತೇ ಶುಭ ಹೊತ್ತು ಎಂಬುದು ಅವರ ನಿಲುವು. ಅಂಥವರ ಮಕ್ಕಳು ನಾವು. ಗೃಹಪ್ರವೇಶಕ್ಕೆ ಎಂಟು ದಿಕ್ಕಿಗೆ ದಿಗ್ಬಂಧನ ಹಾಕಿಸುತ್ತಿದ್ದೇವೆ!

ಕಲ್ಯಾಣದ ಗಲಭೆಯ ನಂತರ ವಚನಗಳು ತಾಳೆಗರಿಯ ಕಟ್ಟುಗಳಲ್ಲಿ ಉಳಿದವು. ಆಗಲೂ ಒಂದು ದುರಂತ ನಡೆಯಿತು. ಎಷ್ಟೋ ಮನೆಗಳಲ್ಲಿ, ಮಠಗಳಲ್ಲಿ ಆ ಕಟ್ಟುಗಳಿಗೆ ವಿಭೂತಿ ಹಚ್ಚಿ, ಹೂವು ಏರಿಸಿ ಪೂಜೆ ಮಾಡುತ್ತಿದ್ದರೇ ಹೊರತು ಬಿಚ್ಚಿ ಓದುತ್ತಿರಲಿಲ್ಲ. ಗೊಡ್ಡು ಪದ್ಧತಿಯನ್ನು ಬಯ್ಯುವ ವಚನವೇ ಗೊಡ್ಡು ಪದ್ಧತಿಯ ವಸ್ತುವಾಗಿ ಕುಳಿತಿತ್ತು. ವಿಜಯಪುರದ ಡಾ. ಫ.ಗು. ಹಳಕಟ್ಟಿಯವರು ಮನೆ ಮನೆ ಅಲೆದು ಆ ಕಟ್ಟುಗಳನ್ನು ಬೇಡಿ ತಂದರು, ನಕಲು ಮಾಡಿದರು. 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗ ಬಂತು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರುವಾಯಿತು. ಹಳಕಟ್ಟಿಯವರು ಆ ಕಟ್ಟುಗಳಿಗೆ ಕೈಮುಗಿದು ಸುಮ್ಮನೆ ಬಂದಿದ್ದರೆ ಇವತ್ತು ಈ ಪತ್ರಿಕೆಯೂ ಇರುತ್ತಿರಲಿಲ್ಲ, ಇದನ್ನು ಓದುವ ನಾವೂ ಇರುತ್ತಿರಲಿಲ್ಲ. 1993ರಲ್ಲಿ ಸರ್ಕಾರ ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಹೊರತಂದಾಗ ಪ್ರಧಾನ ಸಂಪಾದಕರಾಗಿದ್ದವರು ಡಾ. ಎಂ.ಎಂ. ಕಲಬುರ್ಗಿಯವರು. ಶಾಸನವನ್ನೂ ವಚನವನ್ನೂ ಒಂದೇ ಕಣ್ಣಿನಿಂದ ಓದಿದವರು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ಓದುವವರನ್ನು ಕಂಡರೆ ಕತ್ತಲಿಗೆ ಎಷ್ಟು ಭಯ ಎಂದು ಇದಕ್ಕಿಂತ ಹೆಚ್ಚಾಗಿ ಹೇಳಬೇಕೆ?

ಕೇಳುವ ಪ್ರಶ್ನೆಗಳಿಗೆ ಉತ್ತರ

ಇಲ್ಲಿ ಕೆಲವರು ನನ್ನನ್ನು ತಡೆದು ಕೇಳುತ್ತಾರೆ: ‘ನಮ್ಮಲ್ಲೂ ಮಂತ್ರವಿಲ್ಲವೇ? ಅಷ್ಟಾವರಣದಲ್ಲಿ ಮಂತ್ರವೂ ಒಂದಲ್ಲವೇ? ಷಡಕ್ಷರಿಯ ಒಂದೊಂದು ಅಕ್ಷರಕ್ಕೂ ಒಂದೊಂದು ಲಿಂಗವನ್ನು ಹೇಳಿಲ್ಲವೇ?’ ಸರಿಯಾದ ಪ್ರಶ್ನೆ. ಹೇಳಿದ್ದಾರೆ. ನಕಾರಕ್ಕೆ ಆಚಾರಲಿಂಗ, ಮಕಾರಕ್ಕೆ ಗುರುಲಿಂಗ, ಶಿಕಾರಕ್ಕೆ ಶಿವಲಿಂಗ, ವಾಕಾರಕ್ಕೆ ಜಂಗಮಲಿಂಗ, ಯಕಾರಕ್ಕೆ ಪ್ರಸಾದಲಿಂಗ, ಓಂಕಾರಕ್ಕೆ ಮಹಾಲಿಂಗ. ಆದರೆ ಈ ಪಟ್ಟಿಯನ್ನು ಸರಿಯಾಗಿ ನೋಡಿ. ಮೊದಲ ಅಕ್ಷರಕ್ಕೆ ಸಿಕ್ಕಿರುವುದು ಆಚಾರ. ನಡತೆ ಸರಿಯಿಲ್ಲದವನು ಎರಡನೆಯ ಅಕ್ಷರಕ್ಕೇ ಕಾಲಿಡುವಂತಿಲ್ಲ. ಇದು ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಏರುವ ಮೆಟ್ಟಿಲು. ಏರಬೇಕಾದವನು ತಾನೇ ಏರಬೇಕು. ತಗಡಿನ ಅಕ್ಷರಕ್ಕೆ ಆಚಾರ ಬೇಕಿಲ್ಲ. ಕಳ್ಳ ಕಟ್ಟಿಕೊಂಡರೂ ಅದು ಕಾಯುತ್ತದಂತೆ, ಬಡ್ಡಿ ಹಿಂಡುವವನು ಕಟ್ಟಿಕೊಂಡರೂ ಕಾಯುತ್ತದಂತೆ. ಎರಡಕ್ಕೂ ಇರುವ ಅಂತರ ಇದೇ. ನಮ್ಮ ಕಡೆಯೂ ಕಾಲಾಂತರದಲ್ಲಿ ಈ ಷಡಕ್ಷರಿಯನ್ನೇ ಚೌಕದೊಳಗೆ ಬರೆದು ಯಂತ್ರ ಮಾಡಿದವರು ಇದ್ದಾರೆ ಎಂಬುದನ್ನು ಒಪ್ಪಿಕೊಳ್ಳೋಣ. ಪಂಚಾಕ್ಷರಿಯಾದರೂ ಸರಿ, ಅರ್ಥ ಬಿಟ್ಟು ತಗಡಿಗೆ ಏರಿದರೆ ಅದೂ ತಾಯತವೇ.

‘ಅಲ್ಲಮಪ್ರಭುಗಳ ಬೆಡಗಿನ ವಚನಗಳು ಗೂಢವಲ್ಲವೇ?’ ಎಂದು ಇನ್ನೊಬ್ಬರು. ಗೂಢ ನಿಜ. ಆದರೆ ಬೆಡಗು ಎಂದರೆ ಬಿಡಿಸಲೆಂದು ಕಟ್ಟಿದ ಗಂಟು. ಅದನ್ನು ಬಿಡಿಸಲು ಎಷ್ಟೋ ಟೀಕಾಕಾರರು ಶ್ರಮಪಟ್ಟು ಅರ್ಥ ಬರೆದರು. ‘ಬಿಡಿಸು ನೋಡೋಣ’ ಎನ್ನುವುದು ಅಲ್ಲಮನ ದಾರಿ. ‘ಬಿಡಿಸಿದರೆ ಕೇಡು’ ಎನ್ನುವುದು ಮಂತ್ರವಾದಿಯ ದಾರಿ.

‘ಇರಲಿ ಬಿಡಿ, ಕಟ್ಟಿಕೊಂಡರೆ ಮನಸ್ಸಿಗೆ ಧೈರ್ಯ, ಯಾರಿಗೇನು ನಷ್ಟ?’ ಎಂಬುದು ಎಲ್ಲಕ್ಕಿಂತ ಹೆಚ್ಚು ಕೇಳುವ ಮಾತು. ನಷ್ಟ ಯಾರಿಗೆ ಎಂದು ಕಾಫಿ ತೋಟದಲ್ಲಿ ಬದುಕುವವರಿಗೆ ಹೇಳಿಕೊಡಬೇಕಿಲ್ಲ. ಕಳೆ ತೆಗೆಯುವಾಗ, ತರಗೆಲೆ ಬಾಚುವಾಗ ಹಾವು ಕಚ್ಚುತ್ತದೆ. ಆಸ್ಪತ್ರೆ ದೂರ, ಮಳೆಗಾಲದಲ್ಲಿ ರಸ್ತೆ ಇನ್ನೂ ದೂರ. ವಿಷಕ್ಕೆ ಔಷಧಿ ಆಸ್ಪತ್ರೆಯಲ್ಲಿ ಮಾತ್ರ ಇದೆ, ಅದು ಎಷ್ಟು ಬೇಗ ಬಿದ್ದರೆ ಅಷ್ಟು ಒಳ್ಳೆಯದು. ದಾರ ಕಟ್ಟಿಸಲು, ಮಂತ್ರ ಹಾಕಿಸಲು ಕಳೆದ ಅರ್ಧ ಗಂಟೆ ಒಂದು ಜೀವದ ಬೆಲೆ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಕಾಣಿಸಿದ ಮಂಗನ ಕಾಯಿಲೆ ಮಲೆನಾಡಿನ ಜಿಲ್ಲೆಗಳನ್ನು ಇಂದಿಗೂ ಬಿಟ್ಟಿಲ್ಲ. ಉಣ್ಣೆ ಕಚ್ಚಿ ಬರುವ ಆ ಜ್ವರಕ್ಕೆ ‘ಗಾಳಿ ಸೋಕಿದೆ’ ಎಂದು ನಿವಾಳಿಸುತ್ತ ಕುಳಿತರೆ ಯಾರ ಧೈರ್ಯ ಯಾರನ್ನು ಕಾಯುತ್ತದೆ? ಈ ಮೋಸವನ್ನು ತಡೆಯಲೆಂದೇ ಕರ್ನಾಟಕದಲ್ಲಿ 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ ಕಾಯಿದೆಯಾಯಿತು, 2020ರ ಜನವರಿಯಲ್ಲಿ ಜಾರಿಗೆ ಬಂತು. ಹಾವು, ನಾಯಿ, ಚೇಳು ಕಚ್ಚಿದವರಿಗೆ ವೈದ್ಯರ ಚಿಕಿತ್ಸೆ ತಪ್ಪಿಸಿ ದಾರ, ಮಂತ್ರ ಕೊಡುವುದು ಅದರಲ್ಲಿ ಅಪರಾಧ. ಕಾಯಿದೆ ಬರಬೇಕು ಎಂದು ಎಷ್ಟೋ ಮಠಾಧೀಶರು ಬೀದಿಗೆ ಇಳಿದಿದ್ದರು. ಅದು ನಮ್ಮ ಹೆಮ್ಮೆ. ಆದರೆ ಕಾಯಿದೆ ಪೊಲೀಸ್ ಠಾಣೆಯಲ್ಲಿರುತ್ತದೆ, ತಗಡು ನಮ್ಮ ದಾರಂದದಲ್ಲಿರುತ್ತದೆ.

ಧೈರ್ಯದ ಮಾತಿಗೆ ಇನ್ನೂ ಒಂದು ಉತ್ತರವಿದೆ. ತಗಡು ಧೈರ್ಯ ಕೊಡುವ ಮೊದಲು ಭಯ ಕೊಟ್ಟಿರುತ್ತದೆ. ‘ನಿಮಗೆ ಯಾರೋ ಹತ್ತಿರದವರೇ ಮಾಡಿಸಿದ್ದಾರೆ’ ಎಂಬ ಒಂದು ಮಾತು ಸಾಕು. ಅಣ್ಣ ತಮ್ಮನ ಮೇಲೆ, ಅತ್ತೆ ಸೊಸೆಯ ಮೇಲೆ, ತೋಟದ ಮಾಲೀಕ ಲೈನಿನಲ್ಲಿರುವ ಮುದುಕಿಯ ಮೇಲೆ ಕಣ್ಣು ಹಾಕುತ್ತಾರೆ. ಭಾಗದ ಜಗಳ ಕೋರ್ಟಿಗೆ ಹೋಗುವುದಕ್ಕೂ ಮೊದಲು ಮಂತ್ರವಾದಿಯ ಮನೆಗೆ ಹೋಗಿರುತ್ತದೆ. ಕಾಫಿ ಬೆಲೆ ಕುಸಿದದ್ದಕ್ಕೆ, ಕಾಂಡಕೊರಕ ಬಿದ್ದದ್ದಕ್ಕೆ, ಆನೆ ನುಗ್ಗಿದ್ದಕ್ಕೆ ಪಕ್ಕದ ಮನೆಯವರನ್ನು ದೂರುವಂತೆ ಮಾಡುವ ವಿದ್ಯೆಗೆ ಧೈರ್ಯ ಎಂದು ಹೆಸರಿಡಬಾರದು.

ಮಠಗಳು ಮಾಡಬೇಕಾದದ್ದು

ಕೊನೆಯದಾಗಿ ಒಂದು ಕಹಿ ಮಾತು. ನಮ್ಮ ಕೆಲವು ಮಠಗಳ ಬಾಗಿಲಲ್ಲೇ ಯಂತ್ರ, ತಾಯತ, ಮಂತ್ರಿಸಿದ ದಾರ ಸಿಗುತ್ತವೆ. ಭಕ್ತರು ಕೇಳುತ್ತಾರೆ, ಕೊಡದಿದ್ದರೆ ಬೇರೆಡೆಗೆ ಹೋಗುತ್ತಾರೆ ಎಂಬುದು ಸಮಜಾಯಿಷಿ. ಕೇಳಿದ್ದನ್ನೆಲ್ಲ ಕೊಡುವುದಾದರೆ ಅಂಗಡಿ ಸಾಕಿತ್ತು, ಮಠ ಏಕೆ ಬೇಕಿತ್ತು? ಪೂಜ್ಯರ ಪಾದಗಳಿಗೆ ಶರಣು ಮಾಡಿಯೇ ಈ ಮಾತು ಹೇಳುತ್ತಿದ್ದೇನೆ. ಗುರುವು ಕೊಡಬೇಕಾದದ್ದು ಅರಿವು. ತಗಡು ಕೊಟ್ಟ ಕೈಯಿಂದ ಅರಿವು ದಾಟುವುದಿಲ್ಲ.

ಆದ್ದರಿಂದ ನಾಲ್ಕು ಕೆಲಸ ಕೂಡಲೇ ಆಗಲಿ. ಲಿಂಗದೀಕ್ಷೆಯ ದಿನ ಮಂತ್ರವನ್ನು ಕಿವಿಯಲ್ಲಿ ಉಸುರಿ ಕಳಿಸದೆ, ಅದರ ಒಂದೊಂದು ಅಕ್ಷರದ ಅರ್ಥವನ್ನು ಕನ್ನಡದಲ್ಲಿ ಎಲ್ಲರಿಗೂ ಕೇಳಿಸುವಂತೆ ಬಿಡಿಸಿ ಹೇಳಲಿ. ಪ್ರತಿ ಮಠದಲ್ಲಿ ತಿಂ‍ಗಳಿಗೊಂದು ದಿನ ಮಕ್ಕಳನ್ನು ಕೂರಿಸಿ ಬ್ರಾಹ್ಮಿಯ ‘ಕ’ದಿಂದ ಇಂದಿನ ‘ಕ’ದವರೆಗೆ ಲಿಪಿ ಬೆಳೆದ ಬಗೆಯನ್ನು ಹಲಗೆಯ ಮೇಲೆ ಬರೆದು ತೋರಿಸಲಿ. ತೋಟದಲ್ಲಿ, ಗದ್ದೆಯಲ್ಲಿ ಹಳೆಯ ಕಲ್ಲು ಸಿಕ್ಕಿದರೆ ಕದಲಿಸದೆ, ಎಣ್ಣೆ ಸುಣ್ಣ ಬಳಿಯದೆ, ಉಳಿಯಿಂದ ಕೆರೆಯದೆ, ಚಿತ್ರ ತೆಗೆದು ಗ್ರಾಮ ಪಂಚಾಯ್ತಿಗೆ, ತಹಸೀಲ್ದಾರರಿಗೆ, ಪುರಾತತ್ವ ಇಲಾಖೆಗೆ ತಿಳಿಸುವ ರೂಢಿ ನಮ್ಮಿಂದ ಶುರುವಾಗಲಿ. ಹಾವು ಕಚ್ಚಿದವರನ್ನು ಯಾರ ಮನೆಗೂ ಒಯ್ಯದೆ ನೇರ ಆಸ್ಪತ್ರೆಗೆ ಸಾಗಿಸಲು ಊರಿಗೆ ಒಂದು ಜೀಪು ಗೊತ್ತು ಮಾಡಿಡಲಿ. ಮಠದ ಜೀಪೇ ಆದರೆ ಇನ್ನೂ ಒಳ್ಳೆಯದು. ಅದೇ ನಿಜವಾದ ದಾಸೋಹ.

ಶರಣ ಬಂಧುಗಳೇ, ಇವತ್ತು ಸಂಜೆ ಲಿಂಗಪೂಜೆಗೆ ಕೂರುವ ಮೊದಲು ನಿಮ್ಮ ಬಾಗಿಲ ತಗಡನ್ನು ಇಳಿಸಿ. ಹೆದರಬೇಡಿ. ಮಕ್ಕಳನ್ನು ಕರೆದು ಅವರ ಮುಂದೆಯೇ ಬಿಚ್ಚಿ. ಅದರಲ್ಲಿ ಏನು ಬರೆದಿದೆ ಎಂದು ಓದಲು ಪ್ರಯತ್ನಿಸಿ. ಓದಲು ಬಂದರೆ ನಿಮಗೇ ನಗು ಬರುತ್ತದೆ. ಓದಲು ಬಾರದಿದ್ದರೆ, ಇಷ್ಟು ದಿನ ಯಾವುದಕ್ಕೆ ಹೆದರುತ್ತಿದ್ದೆವು ಎಂದು ಮಕ್ಕಳು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡಿ. ಆಮೇಲೆ ಅದೇ ಮೊಳೆಗೆ ನಿಮಗೆ ಇಷ್ಟವಾದ ಒಂದು ವಚನವನ್ನು ದಪ್ಪ ಅಕ್ಷರದಲ್ಲಿ, ದಾರಿಹೋಕರೂ ಓದುವಂತೆ ಬರೆದು ತೂಗುಹಾಕಿ.